ಪುಟ್ಟಾ, ದುಬೈಗೆ ಹೊರಡುವ ಮುಂಚೆ ಇದನ್ನು ಓದು

ಮಂಡ್ಯ
ಭಾನುವಾರ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನೀನು ದುಬೈಗೆ ಹೋಗೋಕೆ ಮೈಸೂರಲ್ಲಿ ಯಾರೋ ಏಜೆಂಟನ್ನ ಹಿಡಿದಿದ್ದೀಯಂತೆ. ಅವನು ಒಂದೂವರೆ ಲಕ್ಷ ಕೇಳಿದ್ದಾನಂತೆ. ಭಾವ ನಾಲೆ ಕೆಳಗಿನ ಅರ್ಧ ಎಕರೆ ಗದ್ದೆ ಭೋಗ್ಯಕ್ಕೆ ಹಾಕೋ ಯೋಚನೆಯಲ್ಲಿದ್ದಾರಂತೆ. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಫೋನಲ್ಲಿ ಹೇಳಿದರೆ "ಹ್ಞೂ ಮಾವ, ಹ್ಞೂ ಮಾವ" ಅಂದು ಇಟ್ಟುಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೋಗಬೇಡ ಅನ್ನುತ್ತಿಲ್ಲ. ಆ ಮಾತು ಹೇಳೋಕೆ ನನಗೆ ಬಾಯಿಲ್ಲ. 1998ರಿಂದ 2019ರವರೆಗೆ ನಾನೂ ಅಲ್ಲೇ ಸ್ಟೋರ್ ಕೀಪರ್ ಆಗಿದ್ದವನು. ನಮ್ಮ ಮನೆಯ ಮೇಲಿನ ಅಂತಸ್ತು ಆ ದುಡ್ಡಲ್ಲೇ ಎದ್ದಿದ್ದು. ಆದರೆ ಗದ್ದೆ ಮಾತ್ರ ಮುಟ್ಟಬೇಡಿ.

ಮೊದಲು ಆ ಏಜೆಂಟನ ವಿಷಯ. ವೀಸಾ ಖರ್ಚು, ಕರೆಸಿಕೊಳ್ಳುವ ಖರ್ಚು ಎಲ್ಲ ಕೆಲಸ ಕೊಡುವವನೇ ಹಾಕಬೇಕು ಅಂತ ಅಲ್ಲಿನ ಕಾನೂನು. ನಮ್ಮ ದೇಶದ ಕಾನೂನಿನಲ್ಲೂ ಏಜೆಂಟ್ ತಗೊಳ್ಳಬಹುದಾದ ಫೀಸು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಅದೂ ಸರ್ಕಾರದಲ್ಲಿ ನೋಂದಣಿ ಆಗಿರುವ ಏಜೆಂಟ್ ಮಾತ್ರ. ಇ-ಮೈಗ್ರೇಟ್ ಅಂತ ವಿದೇಶಾಂಗ ಇಲಾಖೆಯ ಪೋರ್ಟಲ್ ಇದೆ, ಅದರಲ್ಲಿ ಅವನ ಹೆಸರು ಹುಡುಕು. ಸಿಗದಿದ್ದರೆ ಅವನು ಕುಡಿಸಿದ ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದು ಬಾ.

"ಈಗ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರ್ಕೊಳಿ, ಆಮೇಲೆ ಚೇಂಜ್ ಮಾಡಿಸ್ತೀನಿ" ಅಂತಲೂ ಹೇಳಿರಬೇಕಲ್ವಾ? ನನ್ನ ಕಾಲದಲ್ಲೂ ಇದೇ ಮಾತು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ. ಪರ್ಮಿಟ್ ಇಲ್ಲದೆ ದುಡಿಸಿಕೊಳ್ಳುವ ಕಂಪನಿಗೆ 2024ರಲ್ಲಿ ದಂಡವನ್ನು ಕಮ್ಮಿ ಅಂದರೆ 1 ಲಕ್ಷ, ಜಾಸ್ತಿ ಅಂದರೆ 10 ಲಕ್ಷ ದಿರಹಂಗೆ ಏರಿಸಿದ್ದಾರೆ. ಸಿಕ್ಕಿಬಿದ್ದರೆ ಕಂಪನಿಯವನು ಹೇಗೋ ಕಟ್ಟುತ್ತಾನೆ. ನೀನು ಏನು ಕಟ್ಟುತ್ತೀಯ? ಹೋಗಿ ಹುಡುಕಲೇಬೇಕು ಅಂತಿದ್ದರೆ ಕೆಲಸ ಹುಡುಕೋಕೇ ಅಂತ ಬೇರೆ ವೀಸಾ ಇದೆ. 60, 90, 120 ದಿನದ್ದು. ಡಿಗ್ರಿ ಇರಬೇಕು. ನಿನಗೆ ಬಿ.ಇ. ಇದೆ, ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷದ ಅನುಭವ ಇದೆ. ನಿನಗೆ ಅದು ಹೊಂದಬೇಕು, ವಿಚಾರಿಸು.

ಬೇಸಿಗೆಯಲ್ಲಿ ಹೋಗಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ ಅಂದ್ಮೇಲೆ ಆ ಬಿಸಿಲು ಎಂಥದ್ದು ಲೆಕ್ಕ ಹಾಕು. ಆ ತಿಂಗಳುಗಳಲ್ಲಿ ಸಂದರ್ಶನ ಮಾಡೋ ಮ್ಯಾನೇಜರುಗಳೂ ರಜೆ ಹಾಕಿ ಊರಿಗೆ ಹೋಗಿರುತ್ತಾರೆ. ಸೆಪ್ಟೆಂಬರ್ ಕಳೀಲಿ.

ಇನ್ನು ಆಫರ್ ಲೆಟರ್. ಕಂಪನಿಯ ಲೆಟರ್‌ಹೆಡ್ ಮೇಲಿರುವುದು ಸಾಲದು, ಅಲ್ಲಿನ ಕಾರ್ಮಿಕ ಇಲಾಖೆಯ ನಮೂನೆಯಲ್ಲಿ ಬರುವ ಆಫರ್ ಕೇಳು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿಯಲ್ಲೋ ಮಲಯಾಳಂನಲ್ಲೋ ಕೊಡುತ್ತಾರೆ. ಕನ್ನಡದ್ದು ಮಾತ್ರ ನಾನಿದ್ದಷ್ಟು ದಿನ ಕಣ್ಣಿಗೆ ಬೀಳಲಿಲ್ಲ. ಒಟ್ಟು ಸಂಬಳ ನೋಡಿ ಹಿಗ್ಗಬೇಡ, 'ಬೇಸಿಕ್' ಎಷ್ಟು ಅಂತ ನೋಡು. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ. ನನಗೆ 4,000 ದಿರಹಂ ಬರುತ್ತಿದ್ದಾಗ ಬೇಸಿಕ್ ಬರೀ 1,600. ಮಿಕ್ಕಿದ್ದೆಲ್ಲ ಅಲೋಯನ್ಸು. ಆ ಕಾಗದಕ್ಕೆ ಸಹಿ ಹಾಕಿದ ಸಂಜೆ ರೂಮಿನವರಿಗೆಲ್ಲ ಬಿರಿಯಾನಿ ಕೊಡಿಸಿದ್ದೆ, ದಡ್ಡ ನನ್ಮಗ. ಲೆಕ್ಕ ಅರ್ಥ ಆಗಿದ್ದು ವಾಪಸ್ ಬರುವಾಗ.

ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. "ಲಾಕರ್‌ನಲ್ಲಿ ಸೇಫಾಗಿರುತ್ತೆ" ಅಂತ ನಗುನಗುತ್ತಾ ಕೇಳುತ್ತಾರೆ. ನೀನೂ ನಗುನಗುತ್ತಾ "ನನ್ನ ಹತ್ರಾನೂ ಸೇಫಾಗಿದೆ ಸಾರ್" ಅನ್ನು.

ಮನೆ ವಿಷಯಕ್ಕೆ ಬರೋಣ. ನಾನು ಪೆಟ್ಟು ತಿಂದಿದ್ದು ಇಲ್ಲೇ.

ನಮ್ಮ ಮಂಡ್ಯದಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ "ಯಾವೂರು? ಯಾರ ಮಗ?" ಭಾವನ ಹೆಸರು ಹೇಳಿದರೆ ಸಾಕು, ಅಡ್ವಾನ್ಸ್ ಬೇಕಾದರೆ ಮುಂದಿನ ವಾರ ಕೊಡಿ ಅಂತಾರೆ. ಅಲ್ಲಿ ಹಾಗಲ್ಲ. ನೀನು ಯಾರ ಮಗ ಅಂತ ಒಂದು ನರಪಿಳ್ಳೆಯೂ ಕೇಳುವುದಿಲ್ಲ. ಕಾಗದದಲ್ಲಿ ಹೆಸರಿದ್ದರೆ ಇದ್ದೀಯ, ಇಲ್ಲದಿದ್ದರೆ ಇಲ್ಲ.

ಹೋದ ಹೊಸದರಲ್ಲಿ ದೇರಾದಲ್ಲಿ ಬೆಡ್ ಸ್ಪೇಸ್ ಹಿಡಿದಿದ್ದೆ. ಅಂದರೆ ಬಾಡಿಗೆಗೆ ಕೊಡುವುದು ಒಂದು ಮಂಚ ಮಾತ್ರ. ಒಂದು ರೂಮು, ಮೂರು ಡಬಲ್ ಮಂಚ, ಆರು ಜನ. ನನ್ನದು ಮೇಲಿನದು. ಎದ್ದು ಕೂತರೆ ಏಸಿಯ ಗಾಳಿ ನೇರ ಕಿವಿಗೆ. ರೂಮು ನೋಡಿಕೊಳ್ಳುತ್ತಿದ್ದವನು ಬಲು ಒಳ್ಳೆ ಮಾತುಗಾರ, ನನ್ನನ್ನು ಅಣ್ಣ ಅಂತಲೇ ಕರೆಯುತ್ತಿದ್ದ. ಎರಡು ತಿಂಗಳ ಬಾಡಿಗೆ ಮುಂಗಡ ಕೊಟ್ಟೆ. ರಸೀದಿ ಕೇಳೋಕೆ ನಾಚಿಕೆ ಆಯ್ತು. ಒಂದು ರಾತ್ರಿ ಶಿಫ್ಟ್ ಮುಗಿಸಿಕೊಂಡು ಬರುತ್ತೇನೆ, ಬಾಗಿಲಿಗೆ ಹೊಸ ಬೀಗ. ನನ್ನ ಸೂಟ್‌ಕೇಸ್ ಲಿಫ್ಟ್ ಪಕ್ಕ ಬಿದ್ದಿತ್ತು, ಜಿಪ್ ಕಿತ್ತಿತ್ತು. ನಿಮ್ಮಜ್ಜಿ ಕಟ್ಟಿಕೊಟ್ಟಿದ್ದ ರಾಗಿ ಹಿಟ್ಟಿನ ಗಂಟು ಒಡೆದು ಮೊಸಾಯಿಕ್ ನೆಲದ ಮೇಲೆಲ್ಲ ಹಿಟ್ಟು, ಅದರ ಮೇಲೆ ಯಾರ್ಯಾರದೋ ಚಪ್ಪಲಿ ಗುರುತು. ಅವನು ನಮ್ಮ ದುಡ್ಡನ್ನು ಮಾಲೀಕನಿಗೆ ಕಟ್ಟಿರಲೇ ಇಲ್ಲ. ವಾಚ್‌ಮನ್ ಕೇಳಿದ್ದು ಒಂದೇ ಮಾತು, "ಕಾಂಟ್ರಾಕ್ಟ್‌ನಲ್ಲಿ ನಿನ್ನ ಹೆಸರಿದೆಯಾ?" ಅವತ್ತು ರಾತ್ರಿ ಗೋಡೌನ್‌ನಲ್ಲಿ ಸಿಮೆಂಟ್ ಚೀಲದ ಮೇಲೆ ಮಲಗಿದೆ. ಇದನ್ನು ನಿಮ್ಮಜ್ಜಿಗೆ ಕೊನೆವರೆಗೂ ಹೇಳಲಿಲ್ಲ.

ಈಗ ಒಂದು ಅನುಕೂಲ ಇದೆ. ಅಲ್ಲಿನ ಬಾಡಿಗೆ ಕರಾರನ್ನು 'ಇಜಾರಿ' ಅಂತ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಜೊತೆಗಿರುವವರ ಹೆಸರನ್ನೂ 'ದುಬೈ ರೆಸ್ಟ್' ಅನ್ನುವ ಆಪ್‌ನಲ್ಲಿ ಸೇರಿಸಬೇಕು. ಶುರುವಿನಲ್ಲಿ ನೀನೂ ಶೇರಿಂಗ್‌ನಲ್ಲೇ ಇರಬೇಕಾಗುತ್ತೆ, ಅದರಲ್ಲಿ ಅವಮಾನ ಏನಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಇಜಾರಿ ತೋರಿಸು ಅನ್ನು, ಆಪ್‌ನಲ್ಲಿ ನನ್ನ ಹೆಸರು ಹಾಕು ಅನ್ನು. ಆಗಲ್ಲ ಅಂದರೆ ಅದು ಬೇಡ. ಹಲಗೆ ಹೊಡೆದು ಹಾಲನ್ನು ನಾಲ್ಕು ಪಾಲು ಮಾಡಿದ 'ಪಾರ್ಟಿಶನ್' ರೂಮುಗಳೂ ಬೇಡ. 2025ರಲ್ಲಿ ದುಬೈ ಮುನಿಸಿಪಾಲಿಟಿಯವರು ಅಂಥವನ್ನು ಹುಡುಕಿ ಹುಡುಕಿ ತೆಗೆಸಿದರು. ಬೆಂಕಿ ಬಿದ್ದರೆ ಓಡೋಕೆ ದಾರಿ ಇರುವುದಿಲ್ಲ.

ಮುಂದೆ ಸ್ವಂತ ಫ್ಲ್ಯಾಟ್ ಹಿಡಿಯುವಾಗಿನ ಲೆಕ್ಕವನ್ನೂ ಬರೆದಿಟ್ಟುಕೋ. ಅಲ್ಲಿ ಬಾಡಿಗೆ ಹೇಳುವುದೇ ವರ್ಷದ ಲೆಕ್ಕದಲ್ಲಿ, ಕೊಡುವುದು ಮುಂದಿನ ತಾರೀಖಿನ ಚೆಕ್‌ಗಳಲ್ಲಿ. ವರ್ಷಕ್ಕೆ 60,000 ದಿರಹಂ, ನಾಲ್ಕು ಚೆಕ್ ಅಂದುಕೋ. ಮೊದಲ ಚೆಕ್ 15,000. ಖಾಲಿ ಫ್ಲ್ಯಾಟಿಗೆ ಡಿಪಾಸಿಟ್ ಸಾಮಾನ್ಯವಾಗಿ ಶೇ. 5, ಅಂದರೆ 3,000. ಬ್ರೋಕರ್‌ಗೆ ಇನ್ನೊಂದು ಶೇ. 5, ಮತ್ತೆ 3,000. ಕರೆಂಟು ನೀರಿನ ಡಿಪಾಸಿಟ್ 2,000. ಒಳಗೆ ಚಾಪೆ ಹಾಸುವ ಮುಂಚೆಯೇ 23,000 ಆಯ್ತು. ಆಮೇಲೆ ತಿಂಗಳ ಬಿಲ್ಲಿನಲ್ಲಿ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಬೇರೆ ಸೇರಿಕೊಳ್ಳುತ್ತೆ. ಅದಕ್ಕೇ ಮೊದಲ ಮೂರು ತಿಂಗಳು ಊರಿಗೆ ದುಡ್ಡು ಕಳಿಸಬೇಡ. ನಿಮ್ಮಮ್ಮನಿಗೆ ನಾನು ಹೇಳುತ್ತೇನೆ.

ಶಾರ್ಜಾದಲ್ಲಿ ಬಾಡಿಗೆ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ದಿನಾ ದುಬೈಗೆ ಬಂದು ಹೋಗುವ ಟ್ರಾಫಿಕ್ ಇದೆಯಲ್ಲ, ಅದರ ಮುಂದೆ ಮಂಡ್ಯದಿಂದ ಬೆಂಗಳೂರಿಗೆ ರೈಲಲ್ಲಿ ನಿಂತುಕೊಂಡು ಹೋಗುವುದೇ ಸುಖ. ಮೆಟ್ರೋ ಹತ್ತಿರ ಇರುವಂಥದ್ದು ನೋಡು, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ಕೆಲವು ಬಿಲ್ಡಿಂಗ್‌ಗಳಲ್ಲಿ ಬ್ಯಾಚುಲರ್ ಅಂದರೆ ಮುಖ ತಿರುಗಿಸುತ್ತಾರೆ. ಅದೊಂದು ವಿಷಯದಲ್ಲಿ ಮಾತ್ರ ನಮ್ಮೂರೂ ಅವರೂರೂ ಒಂದೇ.

ರಾಗಿ ಹಿಟ್ಟು ಹೊತ್ತುಕೊಂಡು ಹೋಗಬೇಡ, ಈಗ ಕರಾಮಾದ ಅಂಗಡಿಗಳಲ್ಲೇ ಸಿಗುತ್ತೆ. ಆ ತೂಕದಲ್ಲಿ ಸರ್ಟಿಫಿಕೇಟುಗಳನ್ನು ತಗೊಂಡು ಹೋಗು. ಡಿಗ್ರಿಗೆ ಇಲ್ಲಿಂದಲೇ ಅಟೆಸ್ಟೇಶನ್ ಮಾಡಿಸು, ಅಂದರೆ ಇದು ಅಸಲಿ ಅಂತ ಸರ್ಕಾರದ ಮುದ್ರೆ. ಮೊದಲು ನಮ್ಮ ರಾಜ್ಯದ್ದು, ಆಮೇಲೆ ದೆಹಲಿಯ ವಿದೇಶಾಂಗ ಇಲಾಖೆಯದ್ದು, ಆಮೇಲೆ ಅವರ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ವಾರಗಟ್ಟಲೆ ಹಿಡಿಯುತ್ತೆ. ಇವತ್ತೇ ಶುರು ಮಾಡು.

ಮುಂದಿನ ಭಾನುವಾರ ಆ ಏಜೆಂಟ್ ಕೊಟ್ಟಿರುವ ಪೇಪರ್‌ಗಳನ್ನೆಲ್ಲ ತಗೊಂಡು ಬಾ. ಭಾವನನ್ನೂ ಕರಕೊಂಡು ಬಾ, ಗದ್ದೆ ಮಾತು ನಾನೇ ಆಡುತ್ತೇನೆ. ನಿನ್ನ ಅತ್ತೆ ನಾಟಿ ಕೋಳಿ ಸಾರು ಮಾಡುತ್ತಾಳಂತೆ. ಜಿಪ್ ಕಿತ್ತುಹೋದ ಆ ಸೂಟ್‌ಕೇಸ್ ಇನ್ನೂ ಅಟ್ಟದ ಮೇಲಿದೆ, ಅತ್ತೆ ಅದರಲ್ಲಿ ಹಳೇ ಕಂಬಳಿ ತುಂಬಿಟ್ಟಿದ್ದಾಳೆ. ಕೇಳಬೇಡ, ಕೊಡಲ್ಲ. ನೀನು ಹೊಸದೇ ತಗೋ.

ಇಂತಿ,
ನಿನ್ನ ಸೋದರಮಾವ