ಅಮ್ಮ ಸಿಕ್ಕರು. ಎಲ್ಲರಿಗೂ ಕೈ ಮುಗಿದು

ಅಮ್ಮ ಮನೆಗೆ ಬಂದು ಹತ್ತು ದಿನವಾಯಿತು. ಮರೆವಿರುವ ಅಮ್ಮ ಮನೆಯಿಂದ ಹೊರಟು ಕಾಣೆಯಾಗಿದ್ದು, ರಾತ್ರಿಯಿಡೀ ಹುಡುಕಿದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳೋದಿಲ್ಲ. ಫೋಟೋ ಹಂಚಿದವರು, ಠಾಣೆಯ ಹುಡುಗರು, ರಾತ್ರಿ ಬಸ್ಸಿನ ಕಂಡಕ್ಟರ್‌ಗಳು, 112ರವರು, ಪಕ್ಕದ ಮನೆಯವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಬ್ಬರ ಬಗ್ಗೆ ಮಾತ್ರ ಬರೆಯಲೇಬೇಕು. ಹೆಸರು ಬೇಡ ಅಂದಿದ್ದಾರೆ.

ಅವರ ಮಗ 2011ರಲ್ಲಿ ಕಾಣೆಯಾದ. ಹದಿನಾಲ್ಕು ವರ್ಷದವ. ಆಗ ದೂರು ಕೊಡಲು ಬಂದ ಅವರಿಗೆ ಪೊಲೀಸಿನವನಾದ ನಾನು ಹೇಳಿದ್ದು, 'ಎರಡು ದಿನ ನೋಡಿ, ಬರ್ತಾನೆ.' ಮಗು ಕಾಣೆ ಅಂತ ದೂರು ಬಂದ ಕೂಡಲೇ ಎಫ್‌ಐಆರ್ ಹಾಕಿ, ಅಪಹರಣ ಅಂತಲೇ ಹಿಡಿದು ಹುಡುಕಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಆ ಎರಡು ದಿನ ನನ್ನ ಎದೆಯಲ್ಲಿ ಇನ್ನೂ ಮುಗಿದಿಲ್ಲ.

ಅಂಥವರು ಆ ರಾತ್ರಿ ಹನ್ನೊಂದಕ್ಕೆ ಸ್ಕೂಟರ್‌ನಲ್ಲಿ ಬಂದರು. ನಾನು ಕರೆದಿರಲಿಲ್ಲ. ಫ್ಲಾಸ್ಕಲ್ಲಿ ಕಾಫಿ ತಂದಿದ್ದರು. ಮೊದಲು ಕೇಳಿದ್ದೇ ಅಮ್ಮ ಉಟ್ಟ ಸೀರೆ ಯಾವುದು ಅಂತ. ಮೈಸೂರಿನ ರೈಲ್ವೆ ಸ್ಟೇಷನ್, ಸಬರ್ಬನ್ ಬಸ್ ಸ್ಟ್ಯಾಂಡ್, ಎಲ್ಲ ಕಡೆ ಮಲಗಿದವರ ಮುಖ ನೋಡುತ್ತಾ ನಡೆದೆವು. ಎರಡು ಗಂಟೆಗೆ ಶವಾಗಾರಕ್ಕೆ ಫೋನ್ ಮಾಡಿದೆ. ಬೇರೆಯವರಿಗಾಗಿ ಎಷ್ಟೋ ಸಲ ಮಾಡಿದ ಫೋನ್ ಅದು. 'ಸೀರೆ ಬಣ್ಣ ಹೇಳಿ ಸರ್' ಅಂದರು. ನನಗೆ ಮಾತೇ ಹೊರಡಲಿಲ್ಲ. ಅವರು ಮೆಲ್ಲಗೆ ಫೋನ್ ತಗೊಂಡು, 'ಹಸಿರು ಸೀರೆ, ಕೆಂಪು ಅಂಚು' ಅಂದರು. ಇಲ್ಲ ಅಂತ ಆ ಕಡೆಯಿಂದ ಉತ್ತರ ಬರೋವರೆಗೂ ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ.

ಆಮೇಲೆ ಕೇಳಿದರು, 'ಅಮ್ಮನ ತವರು ಯಾವುದು ಸರ್? ಮರೆವಿನವರು ಗೊತ್ತಿಲ್ಲದ ಜಾಗಕ್ಕೆ ಹೋಗೋದು ಕಮ್ಮಿ. ಚಿಕ್ಕಂದಿನ ಮನೆ ಹುಡುಕ್ತಾರೆ.'

ನಂಜನಗೂಡು. ಮೂವತ್ತೈದು ವರ್ಷ ಪೊಲೀಸ್ ಕೆಲಸ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಊರೂರು ಅಲೆದು ಅವರು ಕಲಿತ ಮಾತು ಅದು.

ಬೆಳಗಿನ ಐದಕ್ಕೆ ಕಪಿಲಾ ನದಿಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದರು. ಸೀರೆಯ ಅಂಚು ಒದ್ದೆ. ನನ್ನನ್ನು ನೋಡಿ, 'ಇಷ್ಟೊತ್ತಾಯ್ತಲ್ಲೋ, ಊಟ ಆಯ್ತಾ?' ಅಂದರು. ನಾನು ಅಲ್ಲೇ ಕುಸಿದು ಅತ್ತೆ. ತಿರುಗಿ ನೋಡಿದರೆ ಅವರು ದೂರದಲ್ಲಿ ನಿಂತು, ಮೆಟ್ಟಿಲ ಮೇಲೆ ಮಲಗಿದ್ದ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ತಿಂಗಳ ಕೊನೆಗೆ ನನ್ನ ನಿವೃತ್ತಿ. ಅದರ ಮರುದಿನ ನಾವಿಬ್ಬರೂ ಹುಬ್ಬಳ್ಳಿಗೆ ಹೊರಟಿದ್ದೇವೆ. ಅಲ್ಲಿ ಯಾರೋ ಅವನನ್ನು ನೋಡಿದ ಹಾಗಿದೆ ಅಂದರಂತೆ. ಟಿಕೆಟ್ ಮಾಡಿಸಿದ್ದೇನೆ.