ಅಟ್ಟ ಸೇರಿರುವ ದೂರದರ್ಶಕಗಳು ಕೆಟ್ಟಿಲ್ಲ

ಮಾನ್ಯ ಸಂಪಾದಕರೇ,

ಐದಾರು ಸಾವಿರ ರೂಪಾಯಿಯ ದೂರದರ್ಶಕಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತಿರುವುದರಿಂದ, ನಮ್ಮ ಚಳ್ಳಕೆರೆಯಂತಹ ಊರಿನಲ್ಲೂ ಮಕ್ಕಳ ಹುಟ್ಟುಹಬ್ಬಕ್ಕೆ ಅವನ್ನು ಕೊಡಿಸುವ ತಂದೆತಾಯಿಯರಿದ್ದಾರೆ. ಪ್ರೌಢಶಾಲೆಯಲ್ಲಿ ಬಹುಕಾಲ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಹೀಗೆ ಬಂದ ದೂರದರ್ಶಕಗಳಲ್ಲಿ ಹಲವು, ವಾರ ಕಳೆಯುವಷ್ಟರಲ್ಲಿ ‘ಫೋಕಸ್ ಆಗುವುದಿಲ್ಲ, ಎಲ್ಲವೂ ಮಬ್ಬು’ ಎಂಬ ದೂರಿನೊಂದಿಗೆ ಅಟ್ಟ ಸೇರುತ್ತವೆ. ಸರಿಪಡಿಸಿಕೊಡಿ ಎಂದು ನನ್ನ ಮನೆಗೆ ತಂದವುಗಳ ಪೈಕಿ ನಿಜವಾಗಿ ದೋಷವಿದ್ದದ್ದು ಒಂದರಲ್ಲಿ ಮಾತ್ರ. ಒರೆಸಲೆಂದು ಮುಂದಿನ ಮಸೂರವನ್ನು ಬಿಚ್ಚಿದವರು ಅದನ್ನು ಹಿಂದುಮುಂದಾಗಿ ಕೂರಿಸಿದ್ದರು. ಉಳಿದವೆಲ್ಲ ಚೆನ್ನಾಗಿಯೇ ಇದ್ದವು. ಅವನ್ನು ಹೇಗೆ ಬಳಸಬೇಕೆಂದು ಕನ್ನಡದಲ್ಲಿ ಹೇಳುವ ಒಂದು ಹಾಳೆ ಮಾತ್ರ ಆ ಪೆಟ್ಟಿಗೆಗಳಲ್ಲಿ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ನೆರೆಮನೆಯ ಏಳನೇ ತರಗತಿಯ ಹುಡುಗಿ ತನ್ನ ದೂರದರ್ಶಕವನ್ನು ಎತ್ತಿಕೊಂಡು ಬಂದಳು. ‘ತಾತ, ಚಂದ್ರ ಕೂಡ ಕಾಣಿಸ್ತಿಲ್ಲ’ ಎನ್ನುವಾಗ ಅವಳ ಕಣ್ಣು ತುಂಬಿತ್ತು. ಅದು 70 ಮಿ.ಮೀ. ಅಗಲದ ಮಸೂರದ, 700 ಮಿ.ಮೀ. ಸಂಗಮದೂರದ (ಮಸೂರದಿಂದ ದೂರದ ವಸ್ತುವಿನ ಬಿಂಬ ಮೂಡುವ ಜಾಗದವರೆಗಿನ ದೂರ) ಉಪಕರಣ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘525 ಪಟ್ಟು’ ಎಂದು ಅಚ್ಚಾಗಿತ್ತು. ಈ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಚಿಕ್ಕ ಮಸೂರದ, ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ, 4 ಮಿ.ಮೀ. ಐಪೀಸು 175 ಪಟ್ಟು ತೋರಿಸುತ್ತದೆ, ಅದರ ಜೊತೆಗೆ ವರ್ಧನೆಯನ್ನು ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಸೇರಿಸಿದರೆ ಲೆಕ್ಕಕ್ಕೆ 525 ಆಗುತ್ತದೆ. ಆ ಮಗು ಪೆಟ್ಟಿಗೆಯ ಮಾತನ್ನು ನಂಬಿ ಅದನ್ನೇ ಜೋಡಿಸಿತ್ತು. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಹೆಚ್ಚೆಂದರೆ ಉಪಯೋಗಕ್ಕೆ ಬರುವಂಥದ್ದು, ಅಂದರೆ ಇಲ್ಲಿ 140. ಅದನ್ನು ಮೀರಿದರೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ; ಬೆಳಕು ತೆಳುವಾಗಿ, ಕೈ ತಾಕಿದರೆ ಎಲ್ಲವೂ ನಡುಗಿ, ಭೂಮಿಯ ತಿರುಗುವಿಕೆಯಿಂದಾಗಿ ಗ್ರಹವು 20 ಸೆಕೆಂಡಿನೊಳಗೆ ನೋಟದಿಂದ ಜಾರಿಹೋಗುತ್ತದೆ. ಇಂಥ ಸ್ಥಿತಿಯಲ್ಲಿ ಫೋಕಸ್ ಹುಡುಕುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದನ್ನು ನಾನು ಮಕ್ಕಳಿಗೆ ಮಾಡುವ ಮೋಸವೆಂದೇ ಕರೆಯುತ್ತೇನೆ.

ನಾನು ಬಾರ್ಲೋ ಮಸೂರವನ್ನು ತೆಗೆದಿಟ್ಟು 20 ಮಿ.ಮೀ. ಐಪೀಸು ಹಾಕಿದೆ. ಪೆಟ್ಟಿಗೆಯ ಥರ್ಮಾಕೋಲಿನ ಸಂದಿಯಲ್ಲಿ ಡಯಾಗನಲ್, ಅಂದರೆ ಒಳಗೆ ಕನ್ನಡಿಯಿರುವ, ಮೊಣಕೈಯಂತೆ ಬಾಗಿದ ಕೊಳವೆ, ಹಾಗೆಯೇ ಉಳಿದಿತ್ತು. ಮಸೂರದ ದೂರದರ್ಶಕಗಳಲ್ಲಿ ಈ ತುಂಡಿನ ಉದ್ದವನ್ನೂ ಲೆಕ್ಕ ಹಿಡಿದೇ ಕೊಳವೆ ಮಾಡಿರುತ್ತಾರೆ; ಅದನ್ನು ಬಿಟ್ಟು ಐಪೀಸನ್ನು ನೇರವಾಗಿ ಸಿಕ್ಕಿಸಿದರೆ, ಫೋಕಸ್ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಬಿಂಬ ಕೂಡದೆ ಹೋಗಬಹುದು. ಇನ್ನೊಂದು ತಪ್ಪು, ಎದುರು ಮನೆಯ ಗೋಡೆಯನ್ನು ನೋಡಿ ಪರೀಕ್ಷಿಸುವುದು. ಈ ದೂರದರ್ಶಕದಲ್ಲಿ, ನಕ್ಷತ್ರಗಳಿಗೆ ಹೊಂದಿಸಿದ ಸ್ಥಾನಕ್ಕಿಂತ 10 ಮೀಟರ್ ದೂರದ ವಸ್ತುವಿಗೆ ಐಪೀಸು 5 ಸೆಂ.ಮೀ.ಗೂ ಹೆಚ್ಚು ಹಿಂದೆ ಸರಿಯಬೇಕು; ಒಂದು ಕಿಲೋಮೀಟರ್ ದೂರದ್ದಕ್ಕೆ ಅರ್ಧ ಮಿಲಿಮೀಟರ್ ಸಾಕು. ಹೀಗಾಗಿ ಮೊದಲ ಅಭ್ಯಾಸ ಹಗಲಿನಲ್ಲಿ, ದೂರದ ಮೊಬೈಲ್ ಟವರಿನ ತುದಿಯ ಮೇಲೆ, ಕಿಟಕಿಯ ಗಾಜಿನ ಹಿಂದಿನಿಂದಲ್ಲದೆ ತೆರೆದ ಮಾಳಿಗೆಯಿಂದ ನಡೆಯಬೇಕು. ಅದೇ ಟವರಿನ ತುದಿಗೆ ದೂರದರ್ಶಕದ ಮೇಲಿರುವ, ಗುರಿ ಹಿಡಿಯಲು ನೆರವಾಗುವ ಚಿಕ್ಕ ಶೋಧಕ ಕೊಳವೆಯನ್ನೂ ಹೊಂದಿಸಿಕೊಂಡರೆ ರಾತ್ರಿ ಅರ್ಧ ಕೆಲಸ ಮುಗಿದಂತೆ. ಹಗಲಿನ ಈ ಅಭ್ಯಾಸಕ್ಕೆ ದೊಡ್ಡವರು ಜೊತೆಗಿರಲೇಬೇಕು, ಏಕೆಂದರೆ ದೂರದರ್ಶಕದಲ್ಲಿ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಹೋಗುತ್ತದೆ. ಐಪೀಸಿಗೆ ಸಿಕ್ಕಿಸುವ ‘ಸೂರ್ಯ ಫಿಲ್ಟರ್’ ಎಂಬ ಕಪ್ಪು ಗಾಜು ಪೆಟ್ಟಿಗೆಯಲ್ಲಿದ್ದರೆ ಅದನ್ನು ಒಡೆದು ಎಸೆಯಿರಿ. ಕಾವಿಗೆ ಅದು ಬಿರುಕು ಬಿಡಬಹುದು.

ಕನ್ನಡಿಯ ದೂರದರ್ಶಕ ಕೊಂಡವರ ಗೊಂದಲ ಬೇರೆ ಬಗೆಯದು. ನಕ್ಷತ್ರದ ಕಡೆ ತಿರುಗಿಸಿದಾಗ ಉದ್ದಿನವಡೆಯಂತೆ ನಡುವೆ ಕಪ್ಪು ತೂತಿರುವ ದುಂಡನೆಯ ಬೆಳಕು ಕಂಡು, ಅದನ್ನೇ ಗ್ರಹವೆಂದು ಭಾವಿಸಿ ಫೋಟೊ ತೆಗೆದು ಕಳುಹಿಸಿದವರಿದ್ದಾರೆ. ಆ ತೂತು ಕೊಳವೆಯೊಳಗಿನ ಚಿಕ್ಕ ಕನ್ನಡಿಯ ನೆರಳು. ಫೋಕಸ್ ತಪ್ಪಿದೆ ಎಂಬುದರ ಗುರುತು. ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಹೋದಾಗ ಬೆಳಕಿನ ದುಂಡು ಕಿರಿದಾಗುತ್ತಿದ್ದರೆ ದಿಕ್ಕು ಸರಿ, ಹಿರಿದಾದರೆ ಹಿಂದಕ್ಕೆ ತಿರುಗಿಸಬೇಕು. ನಕ್ಷತ್ರವು ಚುಕ್ಕಿಯಾದಾಗ ನಿಲ್ಲಿಸಬೇಕು; ಎಷ್ಟು ದೊಡ್ಡ ದೂರದರ್ಶಕ ತಂದರೂ ಕಣ್ಣಿಗೆ ಅದು ಚುಕ್ಕಿಯೇ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ರಾತ್ರಿ ಬಿಂಬ ಅಲುಗುತ್ತದೆ. ಇಡೀ ದಿನ ಕಾದ ಆರ್‌ಸಿಸಿ ಮಾಳಿಗೆ ಸಂಜೆ ಬಿಸಿ ಕಾರುತ್ತಿರುವಾಗ, ನಕ್ಷತ್ರಗಳು ಬರಿಗಣ್ಣಿಗೇ ಜೋರಾಗಿ ಮಿನುಗುತ್ತಿರುವಾಗ, ದೂರದರ್ಶಕವನ್ನು ದೂರಿ ಫಲವಿಲ್ಲ; ಒಂದೆರಡು ಗಂಟೆ ಕಾಯಬೇಕು.

ಆ ರಾತ್ರಿ ನಾವು ಕಾದೆವು. ಒಂಬತ್ತರ ಹೊತ್ತಿಗೆ ಗುರುಗ್ರಹವನ್ನು ಹಿಡಿದು ತಿರುಪನ್ನು ಹುಡುಗಿಯ ಕೈಗೇ ಕೊಟ್ಟೆ. ಮೊದಲು ಅಂಚಿಲ್ಲದ ಹಳದಿ ಬೆಳಕು, ಬಳಿಕ ಕಡಲೆಯಷ್ಟು ದುಂಡು, ಕೊನೆಗೆ ಅದರ ಎರಡೂ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿಗಳು. ಅವಳು ಉಸಿರು ಬಿಗಿಹಿಡಿದು ಎಣಿಸಿದಳು. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಆ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ವರ್ಧನೆಯ ಉಪಕರಣದಲ್ಲಿ. ಇವಳ ಐಪೀಸಿನದು 35.

ಮಾರಾಟಗಾರರಲ್ಲಿ ನನ್ನ ವಿನಂತಿ ಇಷ್ಟೇ: ಪೆಟ್ಟಿಗೆಯ ಮೇಲಿನ ಹುಸಿ ಸಂಖ್ಯೆಯನ್ನು ತೆಗೆದು ಉಪಯೋಗಕ್ಕೆ ಬರುವ ವರ್ಧನೆಯನ್ನು ಬರೆಯಿರಿ, ಒಳಗೆ ಕನ್ನಡದ ಒಂದು ಪುಟ ಇಡಿ. ಆ ಹುಡುಗಿಯ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಲು ನಾನು ಬರೆದುಕೊಟ್ಟ ಪುಟದ ಪ್ರತಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ತಮ್ಮ ಮಕ್ಕಳ ಪುಟದಲ್ಲಿ ಸ್ಥಳವಿದ್ದರೆ ಅದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಚಳ್ಳಕೆರೆ