ಹೊಸ ಹೂಡಿಕೆದಾರರು ಮತ್ತು ಏಜೆಂಟರ ಗಮನಕ್ಕೆ
ಸದಸ್ಯರಲ್ಲಿ ವಿನಂತಿ. ಬಾಡಿಗೆ ಆದಾಯಕ್ಕಾಗಿ ಮೊದಲ ಮನೆ ಕೊಳ್ಳುವವರು ವರ್ಷದ 12 ತಿಂಗಳೂ ಬಾಡಿಗೆ ಬರುತ್ತದೆಂದು ಎಣಿಸದೆ, ಒಂದು ತಿಂಗಳಾದರೂ ಮನೆ ಖಾಲಿ ಬೀಳುತ್ತದೆಂದು ಇಟ್ಟುಕೊಂಡು, ಉಳಿದ 11 ತಿಂಗಳ ಮೊತ್ತದಲ್ಲಿ ತೆರಿಗೆ, ವಿಮೆ, ದುರಸ್ತಿ ಹಾಗೂ ಸಾಲದ ಕಂತುಗಳನ್ನು ಕಳೆದ ಮೇಲೆ ಕೈಗೆ ಏನು ಉಳಿಯುತ್ತದೆ ಎಂಬುದನ್ನು ನೋಡಬೇಕು. ಅಲ್ಲಿ ನಷ್ಟ ಕಂಡರೂ ಬೆಲೆ ಏರೀತೆಂಬ ನಂಬಿಕೆಯಿಂದ ಮುಂಗಡ ಕೊಡುವುದು, ನನ್ನ ದೃಷ್ಟಿಯಲ್ಲಿ, ಹೂಡಿಕೆಯಲ್ಲ, ಜೂಜು. ಜೋರು ಮಳೆಯ ಮರುದಿನ ಮನೆಯನ್ನು ಮತ್ತೊಮ್ಮೆ ನೋಡಿ. ಹೊಸ ಬಣ್ಣ ಬಳಿದ ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದಿದ್ದರೆ ಒಳಗೆ ತೇವವಿದೆಯೇ ಎಂದು ಪರೀಕ್ಷಿಸಿ. ಮಾಲೀಕತ್ವದ ದಾಖಲೆಗಳನ್ನು ಮಾರುವವರು ಸೂಚಿಸಿದ ವಕೀಲರಿಗಲ್ಲ, ನೀವೇ ಗೊತ್ತು ಮಾಡಿಕೊಂಡವರಿಗೆ ತೋರಿಸಿ. ಏಜೆಂಟರು ತಮ್ಮ ಕಮಿಷನ್ ಎಷ್ಟು, ಅದು ಯಾರಿಂದ ಬರುತ್ತದೆ ಎಂಬುದನ್ನು ಮನೆ ತೋರಿಸುವ ಮುನ್ನವೇ ಲಿಖಿತವಾಗಿ ತಿಳಿಸತಕ್ಕದ್ದು.